ಗಾಳಿಯಲ್ಲಿ ಬರುವ ‘ಭಂಡಾರ’

ಗೇರುಸೊಪ್ಪದಲ್ಲಿ ಗೋಧಿ ಬೆಳೆಯುವುದಿಲ್ಲ. ಶರಾವತಿ ದಂಡೆಯ ನಮ್ಮೂರಿನ ಬೆಳೆ ಏನಿದ್ದರೂ ಭತ್ತ, ಅಡಿಕೆ, ತೆಂಗು ಮತ್ತು ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸು. ಪೋರ್ಚುಗೀಸರಿಂದ ‘ಮೆಣಸಿನ ರಾಣಿ’ ಎನಿಸಿಕೊಂಡ ಚೆನ್ನಭೈರಾದೇವಿ ಆಳಿದ ನೆಲ ಇದು. ಗೋಧಿಗೆ ಬೇಕಾದದ್ದು ಒಣ ಹವೆ, ತಂಪು ರಾತ್ರಿ, ತೇವವನ್ನು ಹಿಡಿದಿಡುವ ಮಣ್ಣು. ಇಲ್ಲಿರುವುದು ಡಿಸೆಂಬರ್ ಮಧ್ಯಾಹ್ನವೂ ಬೆವರಿಳಿಸುವ ಸೆಕೆ, ನೀರು ನಿಲ್ಲದ ಚಿರೇಕಲ್ಲಿನ ಕೆಂಪು ಮಣ್ಣು.

ಆದರೂ ಗೋಧಿಯಿಲ್ಲದೆ ನಮ್ಮ ಒಂದು ಹಬ್ಬವೂ ಕಳೆಯುವುದಿಲ್ಲ. ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯದಿಂದ ಹಿಡಿದು ಮದುವೆ ಮನೆಯ ಶಿರಾದವರೆಗೆ ರವೆ ಬೇಕೇ ಬೇಕು. ಅಂಗಡಿಯಲ್ಲಿ ರವೆ ಕೇಳಿದರೆ ‘ಬನ್ಸಿಯೋ, ಚಿರೋಟಿಯೋ’ ಎಂಬ ಮರುಪ್ರಶ್ನೆ ಬರುತ್ತದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಒಮ್ಮೆ ಎದ್ದು ನಿಂತು ‘ಬನ್ಸಿ ಅಂದ್ರೆ ಎಂತ ಸರ್?’ ಎಂದು ಕೇಳಿದಳು. ಶಿಲೀಂಧ್ರಗಳ ಪಾಠ ನಡೆದಿತ್ತು. ಗೋಧಿಯ ತುಕ್ಕುರೋಗ ಎಂದು ಹಲಗೆಯ ಮೇಲೆ ಬರೆದಿದ್ದೆ. ಗೋಧಿಯ ಗಿಡವನ್ನೇ ಕಾಣದ ಮಕ್ಕಳಿಗೆ ಅದರ ರೋಗದ ಪಾಠ! ಹುಡುಗಿಯ ಪ್ರಶ್ನೆ ಪಾಠಕ್ಕೆ ಅಡ್ಡಬಂದಂತೆ ಕಂಡರೂ ನಿಜದಲ್ಲಿ ಎರಡೂ ಒಂದೇ ಕಥೆಯ ಎರಡು ತುದಿಗಳು.

ಬನ್ಸಿ ಎಂಬುದು ಗಟ್ಟಿ ಗೋಧಿಯ ಒಂದು ಹಳೆಯ ಬಗೆಯ ಹೆಸರು. ಸಸ್ಯಶಾಸ್ತ್ರದಲ್ಲಿ ಇದು ಡ್ಯೂರಮ್ ಗೋಧಿ. ಲ್ಯಾಟಿನ್ ಭಾಷೆಯಲ್ಲಿ ‘ಡ್ಯೂರಮ್’ ಎಂದರೆ ಗಟ್ಟಿ ಎಂದೇ ಅರ್ಥ. ಕಾಳನ್ನು ಹಲ್ಲಿನಲ್ಲಿ ಕಡಿದರೆ ಕಟಕ್ಕೆನ್ನುತ್ತದೆ. ಸೀಳಿ ನೋಡಿದರೆ ಗಾಜಿನ ಹೊಳಪು, ಅರಿಸಿನದ ಛಾಯೆ. ಬೀಸಿದಾಗ ಸುಲಭವಾಗಿ ಹಿಟ್ಟಾಗದೆ ಹರಳು ಹರಳಾಗಿ ಒಡೆಯುತ್ತದೆ. ಆ ಹರಳೇ ರವೆ. ಇದರ ಅಂಟು ಗಟ್ಟಿಯಾದದ್ದು, ಆದರೆ ಹೆಚ್ಚು ಹಿಗ್ಗುವುದಿಲ್ಲ. ಆದ್ದರಿಂದ ಇದರಲ್ಲಿ ಉಬ್ಬಿದ ಬ್ರೆಡ್ ಆಗದು. ಕುದಿಯುವ ನೀರಿನಲ್ಲಿ ಮುದ್ದೆಯಾಗದ ಶಾವಿಗೆ ಆಗುತ್ತದೆ. ಇಟಲಿಯವರ ಪಾಸ್ತಾಕ್ಕೂ ಬಾಗಲಕೋಟೆಯ ಅಜ್ಜಿಯರು ಮಣೆಯ ಮೇಲೆ ಹೊಸೆಯುತ್ತಿದ್ದ ಶಾವಿಗೆಗೂ ಮೂಲ ಇದೇ ಕಾಳು.

ಚಪಾತಿ, ಬ್ರೆಡ್‌ಗೆ ಬಳಸುವ ಸಾಮಾನ್ಯ ಗೋಧಿಯಲ್ಲಿ 42 ವರ್ಣತಂತುಗಳಿದ್ದರೆ ಡ್ಯೂರಮ್‌ನಲ್ಲಿ 28. ಇನ್ನೂ ಒಂದು ಬಗೆಯಿದೆ. ಸಿಪ್ಪೆ ಕಾಳಿಗೇ ಅಂಟಿಕೊಂಡಿರುವ, ಕುಟ್ಟಿಯೇ ಬಿಡಿಸಬೇಕಾದ ಸದಕ ಅಥವಾ ಜವೆ ಗೋಧಿ. ಮರಾಠಿ ಸೀಮೆಯಲ್ಲಿ ಇದನ್ನು ಖಪಲಿ ಎನ್ನುತ್ತಾರೆ. ಇದರಲ್ಲೂ ಡ್ಯೂರಮ್‌ನಂತೆ 28 ವರ್ಣತಂತುಗಳು. ಈ ಮೂರನ್ನೂ ವ್ಯವಸಾಯದ ಬೆಳೆಯಾಗಿ ಉಳಿಸಿಕೊಂಡಿರುವ ದೇಶಗಳು ಕಡಿಮೆ. ನಮ್ಮದು ಅವುಗಳಲ್ಲಿ ಒಂದು. ದೇಶದ ಗೋಧಿಯಲ್ಲಿ ಸುಮಾರು 95 ಪಾಲು ಸಾಮಾನ್ಯ ಗೋಧಿ, ಡ್ಯೂರಮ್ ಸುಮಾರು 4, ಸದಕ ಸುಮಾರು 1. ಕರ್ನಾಟಕದಲ್ಲಿ ವಿಜಯಪುರ, ಬಾಗಲಕೋಟೆ, ಬೆಳಗಾವಿ, ಧಾರವಾಡ, ಗದಗ ಕಡೆಯ ಎರೆ ಹೊಲಗಳಲ್ಲಿ ಮೂರನ್ನೂ ಕಾಣಬಹುದು.

ಎಲ್ಲವ್ವನ ಗುಡ್ಡಕ್ಕೆ ಹೋಗಿ ಬಂದ ಹೊಲ

ಬಿ.ಇಡಿ. ಓದುವಾಗ ನನ್ನ ಸಹಪಾಠಿಯಾಗಿದ್ದವರೊಬ್ಬರು ನವಲಗುಂದದ ಕಡೆಯವರು. ಮಾಸ್ತರಿಕೆ ಬಿಟ್ಟು ಒಕ್ಕಲುತನ ಹಿಡಿದವರು. ಕೆಲವು ವರ್ಷಗಳ ಹಿಂದೆ ಜನವರಿಯಲ್ಲಿ ಅವರಲ್ಲಿಗೆ ಹೋಗಿದ್ದೆ. ತೆನೆ ಹಿರಿದ ಗೋಧಿಯ ನಡುವೆ ನಾಲ್ಕು ಹೆಜ್ಜೆ ನಡೆದು ಹೊರಬಂದರೆ ಮೊಣಕಾಲಿನವರೆಗೆ ಪ್ಯಾಂಟಿಗೆ ಕಿತ್ತಳೆ ಬಣ್ಣದ ಪುಡಿ. ‘ಭಂಡಾರ ಹತ್ತೇತ್ರಿ ಮಾಸ್ತರ್ರ. ಹೊಲಾನ ಎಲ್ಲವ್ವನ ಗುಡ್ಡಕ್ಕ ಹೋಗಿ ಬಂದಾಂಗ ಆಗೇತಿ ನೋಡ್ರಿ’ ಎಂದು ಅವರು ನಕ್ಕರು. ನಗುವ ವಿಷಯವೇನೂ ಆಗಿರಲಿಲ್ಲ. ಬದುವಿನ ಆಚೆ ಪಕ್ಕದವರ ಹೊಲ ಹಸಿರಾಗಿ ನಿಂತಿತ್ತು. ‘ಅದ ಗಾಳಿ, ಅದ ಮಣ್ಣ, ಬಿತ್ತಿದ್ದೂ ಒಂದ ವಾರದಾಗ. ಬೀಜ ಅಷ್ಟ ಬ್ಯಾರೆ.’

ಕೃಷಿ ವಿಶ್ವವಿದ್ಯಾಲಯದ ಪುಸ್ತಕಗಳಲ್ಲಿ ತುಕ್ಕುರೋಗ ಎಂದಿರುವುದನ್ನು ಆ ಕಡೆಯ ರೈತರು ಭಂಡಾರ ರೋಗ ಎನ್ನುತ್ತಾರೆ. ಕಬ್ಬಿಣದ ತುಕ್ಕಿಗಿಂತ ಇದೇ ಸರಿಯಾದ ಹೆಸರು ಎಂದು ನನ್ನ ಅನಿಸಿಕೆ. ಎಲೆಯ ಮೇಲೆ ಏಳುವ ಸಣ್ಣ ಗುಳ್ಳೆ ಒಡೆದು ಹಾರುವ ಆ ಪುಡಿ ಬರಿಯ ಬಣ್ಣವಲ್ಲ, ಶಿಲೀಂಧ್ರದ ಬೀಜಾಣುಗಳ ರಾಶಿ. ಒಂದೊಂದು ಗುಳ್ಳೆಯಿಂದ ದಿನಕ್ಕೆ ಸಾವಿರಗಟ್ಟಲೆ ಬೀಜಾಣುಗಳು ಹೊರಬೀಳುತ್ತವೆ. ಎಲೆಯ ಮೇಲೆ ಕೆಲವು ಗಂಟೆ ಇಬ್ಬನಿ ನಿಂತರೆ ಸಾಕು, ಮೊಳೆತು ಒಳಹೊಕ್ಕು ಒಂದೆರಡು ವಾರದಲ್ಲಿ ಹೊಸ ಗುಳ್ಳೆ. ಹೀಗೆ ತಲೆಮಾರಿನ ಮೇಲೆ ತಲೆಮಾರು.

ಗೋಧಿಗೆ ಮೂರು ತುಕ್ಕುಗಳು. ಹಳದಿ ಅಥವಾ ಪಟ್ಟೆ ತುಕ್ಕಿಗೆ ಚಳಿ ಬೇಕು. ಅದು ಪಂಜಾಬ್, ಹಿಮಾಚಲದವರ ತಲೆನೋವು. ನಮ್ಮ ಉತ್ತರ ಕರ್ನಾಟಕವನ್ನು ಕಾಡುವುದು ಎಲೆಯ ಕಂದು ತುಕ್ಕು ಮತ್ತು ಕಾಂಡದ ಕಪ್ಪು ತುಕ್ಕು. ಎಲೆ ತುಕ್ಕು ಅಡುಗೆಮನೆಗೆ ಬೆಂಕಿಯಿಟ್ಟಂತೆ: ಎಲೆ ಆಹಾರ ತಯಾರಿಸುವುದನ್ನು ನಿಲ್ಲಿಸುತ್ತದೆ, ಕಾಳು ಜೊಳ್ಳಾಗುತ್ತದೆ. ಕಾಂಡದ ತುಕ್ಕು ಇನ್ನೂ ಕ್ರೂರ. ನೀರು, ಆಹಾರ ಸಾಗುವ ಕೊಳವೆಗಳನ್ನೇ ಹರಿದುಹಾಕುತ್ತದೆ. ಹದಿನೈದು ದಿನ ಹಿಂದೆ ನಳನಳಿಸುತ್ತಿದ್ದ ಹೊಲ ಮುರಿದು ಬೀಳುತ್ತದೆ. 1946-47ರಲ್ಲಿ ಮಧ್ಯ ಭಾರತದಲ್ಲಿ ಹಬ್ಬಿದ ತುಕ್ಕಿನಿಂದ ಆದ ನಷ್ಟವನ್ನು ಸುಮಾರು 20 ಲಕ್ಷ ಟನ್ ಎಂದು ಅಂದಾಜು ಮಾಡಲಾಗಿತ್ತು. ಸ್ವಾತಂತ್ರ್ಯದ ಹೊಸ್ತಿಲಲ್ಲಿ, ಪಡಿತರಕ್ಕೆ ಸಾಲು ನಿಲ್ಲುತ್ತಿದ್ದ ದಿನಗಳಲ್ಲಿ ಆ ಕಾಳಿನ ಬೆಲೆ ಎಷ್ಟೆಂದು ಓದುಗರೇ ಊಹಿಸಬಹುದು.

ಬೇಸಿಗೆಯಲ್ಲಿ ಅಡಗುವುದೆಲ್ಲಿ?

ಬಯಲುಸೀಮೆಯಲ್ಲಿ ಮಾರ್ಚ್ ಹೊತ್ತಿಗೆ ಗೋಧಿ ಕೊಯ್ಲಾಗುತ್ತದೆ. ಮುಂದೆ ಆರೇಳು ತಿಂಗಳು ಹೊಲದಲ್ಲಿ ಗೋಧಿಯ ಹಸಿರೆಲೆ ಇಲ್ಲ. ತುಕ್ಕಿನ ಶಿಲೀಂಧ್ರವೋ ಜೀವಂತ ಗಿಡದ ಮೇಲಲ್ಲದೆ ಬದುಕದು. ಹಾಗಿದ್ದರೆ ಮುಂದಿನ ಡಿಸೆಂಬರ್‌ನಲ್ಲಿ ಅದು ಬರುವುದೆಲ್ಲಿಂದ?

ಜರ್ಮನಿಯ ಆಂಟನ್ ಡಿ ಬ್ಯಾರಿ 1865ರಲ್ಲಿ ಒಂದು ಉತ್ತರ ಕೊಟ್ಟಿದ್ದ. ಕಾಂಡದ ತುಕ್ಕು ತನ್ನ ಬಾಳಿನ ಒಂದು ಭಾಗವನ್ನು ಬಾರ್ಬೆರಿ ಎಂಬ ಮುಳ್ಳುಪೊದೆಯ ಮೇಲೆ ಕಳೆಯುತ್ತದೆ ಎಂದು. ಬಿ.ಎಸ್ಸಿ. ಸಸ್ಯಶಾಸ್ತ್ರ ಓದಿದವರೆಲ್ಲ ಐದು ಬಗೆಯ ಬೀಜಾಣುಗಳ ಆ ಚಿತ್ರ ಬರೆದು ಅಂಕ ಗಿಟ್ಟಿಸಿದವರೇ. ಅಮೆರಿಕದಲ್ಲಿ 1918ರಿಂದ ಬಾರ್ಬೆರಿ ಪೊದೆಗಳನ್ನು ಹುಡುಕಿ ಹುಡುಕಿ ಕಿತ್ತರು. ಆದರೆ ಭಾರತದಲ್ಲಿ ಈ ಉತ್ತರ ಹೊಂದುವುದಿಲ್ಲ ಎಂದು ತೋರಿಸಿದವರು ಆಗ್ರಾ ಕಾಲೇಜಿನ ಪ್ರಾಧ್ಯಾಪಕ ಕೆ.ಸಿ. ಮೆಹ್ತಾ. ವರ್ಷಗಟ್ಟಲೆ ಬೆಟ್ಟಬಯಲು ಅಲೆದು, ಬೀಜಾಣುಗಳನ್ನು ಗಾಳಿಯಲ್ಲೇ ಹಿಡಿದು, ಬಯಲಿನ ಬೇಸಿಗೆಯ ಬಿಸಿಲಿಗೆ ಅವು ಸಾಯುತ್ತವೆ ಎಂದೂ, ಬೆಟ್ಟಗಳ ತಂಪಿನಲ್ಲಿ ಬೆಳೆಯುವ ಗೋಧಿಯ ಮೇಲೆ ಉಳಿದು ಗಾಳಿಯೊಡನೆ ಮರಳುತ್ತವೆ ಎಂದೂ ಅವರು ಕಂಡುಕೊಂಡರು. 1940ರಲ್ಲಿ ಅವರ ಗ್ರಂಥ ಪ್ರಕಟವಾಯಿತು. ದಕ್ಷಿಣಕ್ಕೆ ಆ ಬೆಟ್ಟಗಳೆಂದರೆ ನೀಲಗಿರಿ ಮತ್ತು ಪಳನಿ.

ಈ ಸರಪಳಿಯ ಮುಂದಿನ ಕೊಂಡಿಯನ್ನು 1970ರ ದಶಕದಲ್ಲಿ ಎಲ್.ಎಂ. ಜೋಶಿ ಮತ್ತು ಎಸ್. ನಾಗರಾಜನ್ ಜೋಡಿಸಿದರು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ ಏಳುವ ಗಾಳಿ ನೀಲಗಿರಿಯ ಮೇಲಿಂದ ಬೀಜಾಣುಗಳನ್ನು ಎತ್ತಿ ಉತ್ತರಕ್ಕೆ ಒಯ್ಯುತ್ತದೆ. ಜೊತೆಗೇ ಬರುವ ಮಳೆ ಅವನ್ನು ಹೊಲದ ಮೇಲೆ ಇಳಿಸುತ್ತದೆ. ನವೆಂಬರ್‌ನಲ್ಲಿ ಕೊಲ್ಲಿಯ ಕಡೆಯಿಂದ ಮೋಡ ಬಂದರೆ ನಮ್ಮ ಹೊನ್ನಾವರ, ಕುಮಟಾ ತಾಲ್ಲೂಕಿನವರು ಅಂಗಳದ ಅಡಿಕೆಗೆ ಟಾರ್ಪಾಲು ಹೊದಿಸಲು ಓಡುತ್ತೇವೆ. ಅದೇ ಮೋಡ ಧಾರವಾಡದ ಗೋಧಿಗೆ ಭಂಡಾರ ತಂದಿಳಿಸಬಲ್ಲದು.

ಔಷಧ ಹೊಡೆದರಾಯಿತಲ್ಲ ಎಂದು ನಮ್ಮ ಕಡೆಯವರು ಕೇಳಬಹುದು. ಅಡಿಕೆಯ ಕೊಳೆರೋಗಕ್ಕೆ ನಾವು ಮಾಡುವುದು ಅದನ್ನೇ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅವರು 1910ರ ಸುಮಾರಿಗೆ ಕೊಳೆಯ ಕಾರಣವನ್ನು ಗುರುತಿಸಿ ಬೋರ್ಡೋ ದ್ರಾವಣ ಹೇಳಿಕೊಟ್ಟಂದಿನಿಂದ ಮೈಲುತುತ್ತ, ಸುಣ್ಣ ನಮ್ಮ ಮಳೆಗಾಲದ ಖರ್ಚಿನ ಭಾಗವೇ ಆಗಿವೆ. ಅಡಿಕೆ ಆ ಖರ್ಚನ್ನು ತಾಳುತ್ತದೆ. ಮಳೆಯನ್ನೇ ನಂಬಿದ ಎರೆಹೊಲದಲ್ಲಿ ಎಕರೆಗೆ ನಾಲ್ಕಾರು ಚೀಲ ಬರುವ ಗೋಧಿ ತಾಳುವುದಿಲ್ಲ. ತುಕ್ಕು ಕಾಣಿಸಿದೊಡನೆ ಲೀಟರ್ ನೀರಿಗೆ 1 ಮಿ.ಲೀ. ಪ್ರೊಪಿಕೊನಜೋಲ್ ಸೇರಿಸಿ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ, ನಿಜ. ನೀರಾವರಿಯವರು ಹೊಡೆಯುತ್ತಾರೆ. ಆದರೆ ಆ ದ್ರಾವಣಕ್ಕೆ ನೀರನ್ನೂ ದೂರದಿಂದ ತರಬೇಕಾದವನಿಗೆ ರಕ್ಷಣೆ ಬೀಜದೊಳಗೇ ಇರಬೇಕು. ರೋಗನಿರೋಧಕ ತಳಿಯ ಮಹತ್ವ ಇರುವುದು ಇಲ್ಲಿ.

ಬೀಗ ಮತ್ತು ಕೀಲಿಕೈ

ರೋಗ ತಡೆಯುವ ಗುಣ ತಂದೆತಾಯಿಯಿಂದ ಮಕ್ಕಳಿಗೆ ಮೆಂಡೆಲ್‌ನ ನಿಯಮದಂತೆಯೇ ಹೋಗುತ್ತದೆ ಎಂದು ಕೇಂಬ್ರಿಜ್‌ನ ರೋಲೆಂಡ್ ಬಿಫೆನ್ 1905ರಲ್ಲಿ ಗೋಧಿಯ ಹಳದಿ ತುಕ್ಕಿನಲ್ಲೇ ತೋರಿಸಿದ. ಅಮೆರಿಕದ ಎಚ್.ಎಚ್. ಫ್ಲಾರ್ 1940ರ ದಶಕದಲ್ಲಿ ಅಗಸೆಯ ತುಕ್ಕಿನ ಮೇಲೆ ದುಡಿದು ಇನ್ನೊಂದು ಮಾತು ಸೇರಿಸಿದ: ಗಿಡದಲ್ಲಿ ತಡೆಯುವ ಜೀನ್ ಒಂದಿದ್ದರೆ ರೋಗಾಣುವಿನಲ್ಲಿ ಅದಕ್ಕೆ ಸರಿಜೋಡಿ ಒಂದಿದೆ. ಮಕ್ಕಳಿಗೆ ನಾನು ಇದನ್ನು ಬೀಗ, ಕೀಲಿಕೈ ಎಂದು ಹೇಳುತ್ತೇನೆ. ತಳಿಗೆ ಒಂದು ಒಳ್ಳೆಯ ಬೀಗ ಹಾಕಿದಿರಿ. ಕೋಟಿಗಟ್ಟಲೆ ಬೀಜಾಣುಗಳಲ್ಲಿ ಯಾವುದೋ ಒಂದರಲ್ಲಿ ಆಕಸ್ಮಿಕ ಬದಲಾವಣೆಯಿಂದ ಆ ಬೀಗ ತೆರೆಯುವ ಕೀಲಿ ಹುಟ್ಟುತ್ತದೆ. ಎಲ್ಲ ಹೊಲಗಳಿಗೂ ಅದೇ ಬೀಗ ಇದ್ದರೆ ಆ ಒಂದೇ ಕೀಲಿಗೆ ಇಡೀ ಸೀಮೆಯ ಬಾಗಿಲು ತೆರೆದಂತೆ.

ಇದು ಬರಿಯ ಹೋಲಿಕೆಯಲ್ಲ. ಹಸಿರು ಕ್ರಾಂತಿಯ ಕಣ್ಮಣಿಯಾಗಿದ್ದ ಕಲ್ಯಾಣ್ ಸೋನಾ ತಳಿ 1970ರ ದಶಕದಲ್ಲೇ ತುಕ್ಕಿಗೆ ಸೋತಿತು. ಡ್ಯೂರಮ್‌ನದೇ ಉದಾಹರಣೆ ಬೇಕೆಂದರೆ ಮೆಕ್ಸಿಕೊಗೆ ಹೋಗಬೇಕು. ಅಲ್ಲಿನ ಸೊನೋರಾ ಪ್ರಾಂತದಲ್ಲಿ 1984ರ ‘ಆಲ್ಟರ್’ ತಳಿ ಎಲೆ ತುಕ್ಕನ್ನು ಹದಿನಾರು ವರ್ಷಕ್ಕೂ ಮಿಕ್ಕಿ ತಡೆದು ನಿಂತಿತ್ತು. 2001ರಲ್ಲಿ ಹೊಸ ಬಗೆಯ ತುಕ್ಕೊಂದು ಕಾಣಿಸಿ ಅದನ್ನು ಮಣಿಸಿತು. ಬದಲಿಗೆ ತಂದ ‘ಜುಪಾರೆ’ ತಳಿಯೂ 2008ರ ಹೊತ್ತಿಗೆ ಸೋತಿತು. ಇಟಲಿಯ ಸಿಸಿಲಿಯಲ್ಲಿ 2016ರಲ್ಲಿ ಕಾಂಡದ ತುಕ್ಕು ಸಾವಿರಾರು ಹೆಕ್ಟೇರ್ ಗೋಧಿಗೆ, ಅದರಲ್ಲೂ ಡ್ಯೂರಮ್‌ಗೆ ಹತ್ತಿತು. ಐರೋಪ್ಯರು ದಶಕಗಳಿಂದ ಮರೆತೇ ಬಿಟ್ಟಿದ್ದ ರೋಗವದು. ಉಗಾಂಡದಲ್ಲಿ 1998ರಲ್ಲಿ ಕಂಡು ‘ಯು.ಜಿ. 99’ ಎಂದು ಹೆಸರಾದ ಕಾಂಡದ ತುಕ್ಕಿನ ಬಗೆ 2007ರಲ್ಲಿ ಇರಾನ್‌ನಲ್ಲಿ ವರದಿಯಾದಾಗ ನಮ್ಮ ವಿಜ್ಞಾನಿಗಳು ನಿದ್ದೆಗೆಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಇಲ್ಲಿ ನಮ್ಮ ಸದಕದ ವಿಷಯ ಹೇಳದೆ ಮುಂದೆ ಹೋಗಲಾಗದು. ಬಾಣಂತಿಗೆ ಪಾಯಸ, ಮುಪ್ಪಿನವರಿಗೆ ಗಂಜಿ ಎಂದು ಗೋಕಾಕ, ಅಥಣಿಯ ಕಡೆ ಬಳಸುವ ಈ ಕುಟ್ಟುವ ಗೋಧಿಗೆ ತುಕ್ಕನ್ನು ತಡೆಯುವ ಶಕ್ತಿ ಹುಟ್ಟಾ ಬಂದದ್ದು. ತುಕ್ಕಿನ ಬಗೆಗಳನ್ನು ಗುರುತಿಸಲು ಅಮೆರಿಕದ ಸ್ಟೇಕ್‌ಮನ್ ಮತ್ತು ಲೆವಿನ್ 1922ರಲ್ಲಿ ಹನ್ನೆರಡು ಗೋಧಿಗಳ ಒಂದು ಪಂಕ್ತಿ ಮಾಡಿದರು; ಜಗತ್ತಿನ ಪ್ರಯೋಗಾಲಯಗಳೆಲ್ಲ ಬಳಸಿದ ಆ ಹನ್ನೆರಡರಲ್ಲಿ ಒಂದರ ಹೆಸರು ‘ಖಪಲಿ’. ಆಸ್ಟ್ರೇಲಿಯಾದಲ್ಲಿ ಖಪಲಿಯನ್ನು ‘ಸ್ಟೈನ್‌ವೆಡೆಲ್’ ಎಂಬ ಗೋಧಿಯೊಡನೆ ಸಂಕರ ಮಾಡಿ ‘ಖಪ್‌ಸ್ಟೈನ್’ ಪಡೆದರು. ಖಪಲಿಯಿಂದ ಬಂದ ಎಸ್‌ಆರ್ 13 ಎಂಬ ಜೀನ್ ಇಂದು ಯು.ಜಿ. 99ರ ವಿರುದ್ಧ ಡ್ಯೂರಮ್ ಗೋಧಿಗಿರುವ ಮುಖ್ಯ ಆಸರೆಗಳಲ್ಲಿ ಒಂದು. 2017ರಲ್ಲಿ ವಿಜ್ಞಾನಿಗಳು ಅದನ್ನು ಪ್ರತ್ಯೇಕಿಸಿ ಗುರುತಿಸಿದರು. ಹಾಗೆಂದು ಹಿಗ್ಗಬೇಕಾಗಿಲ್ಲ; ಇಥಿಯೋಪಿಯಾದಲ್ಲಿ ಈ ಬೀಗಕ್ಕೂ ಕೀಲಿಕೈ ಇರುವ ತುಕ್ಕು ಆಗಲೇ ಇದೆ. ಆದರೂ ಬಡವರ ಹಿತ್ತಲಲ್ಲಿ ಉಳಿದ ಒಂದು ಕಾಳು ಇಷ್ಟು ದೂರ ಪ್ರಯಾಣ ಮಾಡಿದೆ ಎಂದು ಆ ಹಿತ್ತಲಿನವರಿಗೆ ಯಾರೂ ಹೇಳಿದಂತಿಲ್ಲ.

ಬೀಜ ಯಾವುದು ತರಲಿ?

ಧಾರವಾಡದ ಕೃಷಿ ವಿಶ್ವವಿದ್ಯಾಲಯ ಪ್ರತ್ಯೇಕವಾಗಿ ಸ್ಥಾಪನೆಯಾದದ್ದು 1986ರಲ್ಲಿ. ಗೋಧಿಯ ಕೆಲಸ ಅಲ್ಲಿ ಅದಕ್ಕೂ ಹಳೆಯದು. ಹಿಂದೆ ಎರೆಹೊಲಗಳಲ್ಲಿ ಇದ್ದದ್ದು ‘ಬಿಜಗಾ ಯೆಲ್ಲೊ’ ಎಂಬ ಎತ್ತರದ ಡ್ಯೂರಮ್. ರವೆ, ಶಾವಿಗೆಗೆ ಹೆಸರಾದದ್ದು, ಆದರೆ ತುಕ್ಕಿನ ಮುಂದೆ ಮೆತ್ತಗೆ. ಈಗ ನೀರಾವರಿಯ ಡ್ಯೂರಮ್‌ಗೆ ಧಾರವಾಡದ ಯು.ಎ.ಎಸ್. 428, ಇಂದೋರಿನ ಎಚ್.ಐ. 8663, ಪುಣೆಯ ಆಘಾರಕರ ಸಂಸ್ಥೆಯ ಎಂ.ಎ.ಸಿ.ಎಸ್. 3949 ಇವೆ. ಮಳೆಯಾಶ್ರಯಕ್ಕೆ, ಒಂದೆರಡು ನೀರಷ್ಟೇ ಕೊಡಬಲ್ಲವರಿಗೆ ಯು.ಎ.ಎಸ್. 446. ಸದಕದಲ್ಲಿ ಗಿಡ್ಡ ತಳಿಗಳಾದ ಡಿ.ಡಿ.ಕೆ. 1025 ಮತ್ತು 1029.

ಹೆಸರಿನ ಪಟ್ಟಿ ಅಂಗಡಿಯವರೂ ಕೊಡುತ್ತಾರೆ. ಯಾವುದನ್ನು ಮೊದಲು ಕೇಳಬೇಕು ಎಂಬುದೇ ಮುಖ್ಯ. ನನ್ನ ಸಹಪಾಠಿ ಹೇಳುವುದು: ‘ಪೇಪರದಾಗಿನ ಕ್ವಿಂಟಲ್ ನೋಡಿ ಬೀಜ ತರಬ್ಯಾಡ್ರಿ, ನಿಮ್ಮ ಬಾವಿ ನೋಡಿ ತರ್ರಿ.’ ಮೊದಲು ನೀರು. ಮಳೆಯಾಶ್ರಯವಾದರೆ ಬಿತ್ತನೆ ಅಕ್ಟೋಬರ್ ಎರಡನೆಯ ಪಕ್ಷದಲ್ಲಿ, ಹಸಿ ಆರುವ ಮೊದಲೇ. ನೀರಾವರಿಯಾದರೆ ನವೆಂಬರ್ ಮೊದಲ ಪಕ್ಷ. ಒಂದೇ ನೀರು ಕೊಡಲು ಸಾಧ್ಯವಿದ್ದರೆ ಬಿತ್ತಿದ ಸುಮಾರು 21ನೆಯ ದಿನ, ಬುಡದ ಬೇರು ಒಡೆಯುವ ಹೊತ್ತಿಗೆ ಕೊಡಬೇಕು. ತಡವಾಗಿ ಬಿತ್ತಿದ ಡ್ಯೂರಮ್ ಫೆಬ್ರುವರಿಯ ಬಿಸಿಲಿಗೆ ಸಿಕ್ಕಿ ಕಾಳು ಸೊರಗುತ್ತದೆ. ಕಾಂಡದ ತುಕ್ಕು ಬೆಚ್ಚಗಿನ ಹವೆಯನ್ನೇ ಬಯಸುವುದರಿಂದ ತಡವಾದ ಬೆಳೆಗೆ ಅದರ ಕಾಟವೂ ಹೆಚ್ಚು. ಬೇಗ ಬಿತ್ತಿ ಬೇಗ ಮಾಗಿಸಿದ ಹೊಲ ರೋಗ ಜೋರಾಗುವ ಮೊದಲೇ ಕಣ ಸೇರುತ್ತದೆ. ಖರ್ಚಿಲ್ಲದ ಉಪಾಯ ಇದು.

ಆಮೇಲೆ ರೋಗದ ಪ್ರಶ್ನೆ. ‘ತುಕ್ಕು ನಿರೋಧಕ’ ಎಂದು ಚೀಲದ ಮೇಲೆ ಬರೆದದ್ದು ಆ ತಳಿ ಬಿಡುಗಡೆಯಾದ ಕಾಲದ ಮಾತು. ಹತ್ತು ವರ್ಷ ಕಳೆದಿದ್ದರೆ ಕಳೆದ ಹಂಗಾಮಿನಲ್ಲಿ ಅದು ಹೇಗಿತ್ತು ಎಂದು ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಬೇಕು. ಗುಜರಾತ್‌ನ ಲೋಕ್-1 ಇದಕ್ಕೆ ಒಳ್ಳೆಯ ನಿದರ್ಶನ. ಸಾಮಾನ್ಯ ಗೋಧಿಯ ಆ ತಳಿ ಕಾಳಿನ ಚೆಲುವಿಗೆ ಇಂದಿಗೂ ರೈತರಿಗೆ ಪ್ರಿಯ. ತುಕ್ಕಿಗೂ ಅಷ್ಟೇ ಪ್ರಿಯ. ಊರಿಗೆಲ್ಲ ಒಂದೇ ಬೀಜ ಬೇಡ. ನಾಲ್ಕೆಕರೆ ಇದ್ದರೆ ಎರಡು ತಳಿ ಹಾಕಬಹುದು, ನಡುವೆ ಕಡಲೆ, ಅಕ್ಕಡಿಗೆ ಕುಸುಬೆ. ಗೋಧಿಯದು ಸ್ವಕೀಯ ಪರಾಗಸ್ಪರ್ಶ. ಹೈಬ್ರಿಡ್ ಜೋಳದಂತೆ ಪ್ರತಿವರ್ಷ ಬೀಜ ಕೊಳ್ಳಬೇಕಾಗಿಲ್ಲ. ಬೆರಕೆ ತೆನೆಗಳನ್ನು ಕಿತ್ತುಹಾಕುತ್ತ ಬಂದರೆ ಮೂರು ನಾಲ್ಕು ವರ್ಷ ಮನೆಯ ಬೀಜವೇ ನಡೆಯುತ್ತದೆ. ಕಾಡಿಗೆ ರೋಗ ಬಂದ ಹೊಲದ ಬೀಜವನ್ನು ಮಾತ್ರ ಇಡಬಾರದು. ಆ ಶಿಲೀಂಧ್ರ ಕಾಳಿನ ಒಳಗೇ ಮಲಗಿರುತ್ತದೆ, ಹೊರಗೆ ನೋಡಿದರೆ ತಿಳಿಯದು.

ಕೀಟಗಳ ಮಾತು ಚಿಕ್ಕದು. ತುಕ್ಕಿನಷ್ಟು ದೊಡ್ಡ ಶತ್ರುಗಳು ಅವಲ್ಲ. ಒಣ ಹೊಲದಲ್ಲಿ ಗೆದ್ದಲು; ಪೂರ್ತಿ ಕೊಳೆಯದ ಗೊಬ್ಬರ ಹಾಕಿದವರು ಅದನ್ನು ತಾವೇ ಕರೆಸಿಕೊಂಡಂತೆ. ಎಳೆಯ ಪೈರಿಗೆ ಸುಳಿ ನೊಣ, ನೀರಾವರಿಯಲ್ಲಿ ಕಾಂಡ ಕೊರೆಯುವ ಗುಲಾಬಿ ಹುಳು, ತೆನೆ ಹೊತ್ತಿಗೆ ಹೇನು. ಹೇನು ಕಂಡೊಡನೆ ಪಂಪು ಹೆಗಲಿಗೇರಿಸುವ ಮೊದಲು ಗುಲಗಂಜಿ ಹುಳುಗಳಿವೆಯೇ ಎಂದು ನೋಡುವುದು ಒಳ್ಳೆಯದು. ಅವು ಹೇನನ್ನು ತಿಂದೇ ಬದುಕುತ್ತವೆ.

ಯೂರಿಯಾದ ಕೈ ಉದಾರವಾದರೆ ಪೈರು ಕಡುಹಸಿರಾಗಿ ಹೇನಿಗೂ ತುಕ್ಕಿಗೂ ಹಬ್ಬ. ಹಾಗೆಂದು ತೀರ ಹಿಡಿತ ಮಾಡಿದರೆ ಡ್ಯೂರಮ್ ಬೇರೆ ರೀತಿಯಲ್ಲಿ ಸೇಡು ತೀರಿಸುತ್ತದೆ. ಸಾರಜನಕ ಸಾಲದ ಕಾಳಿನ ಗಾಜಿನ ಹೊಳಪು ಹೋಗಿ ಹೊಟ್ಟೆಯಲ್ಲಿ ಬಿಳಿ ಮಚ್ಚೆ ಬೀಳುತ್ತದೆ. ಅಂಥ ಕಾಳು ಗಿರಣಿಯಲ್ಲಿ ರವೆಯಾಗದೆ ಹಿಟ್ಟಾಗಿ ಉದುರುತ್ತದೆ. ಕೊಯ್ಲಿನ ಹೊತ್ತಿಗೆ ಮಳೆ ಬಂದರೆ ಕಾಳಿನ ತುದಿ ಕಪ್ಪಾಗಿ ರವೆಯಲ್ಲಿ ಚುಕ್ಕೆ ಕಾಣುತ್ತದೆ. ರೋಗ ಗೆದ್ದು, ಇಳುವರಿ ತೆಗೆದು, ಕಡೆಗೆ ಮಾರುಕಟ್ಟೆಯಲ್ಲಿ ಸಾಮಾನ್ಯ ಗೋಧಿಯ ದರಕ್ಕೆ ಕೊಟ್ಟು ಬರುವ ಡ್ಯೂರಮ್ ರೈತರು ಇರುವುದು ಈ ಕಾರಣಕ್ಕೇ.

ಇದನ್ನು ಪರೀಕ್ಷಿಸಲು ದೊಡ್ಡ ಯಂತ್ರ ಬೇಡ. ನಾವು ಶಾಲೆಯ ಪ್ರಯೋಗಾಲಯದಲ್ಲಿ ಮಾಡಿ ನೋಡಿದ್ದೇವೆ. ಮುಷ್ಟಿಯಷ್ಟು ಗೋಧಿಯಿಂದ ಆರಿಸದೆ ನೂರು ಕಾಳು ಎಣಿಸಿಕೊಳ್ಳಿ, ಹರಿತವಾದ ಬ್ಲೇಡಿನಿಂದ ಒಂದೊಂದನ್ನೂ ಅಡ್ಡಕ್ಕೆ ಸೀಳಿ, ಬಿಳಿ ಹೊಟ್ಟೆಯವನ್ನು ಒಂದು ಕಡೆ, ಗಾಜಿನಂಥವನ್ನು ಇನ್ನೊಂದು ಕಡೆ ಇಡಿ. ಎರಡನೆಯ ಗುಂಪಿನ ಎಣಿಕೆಯೇ ಶೇಕಡಾವಾರು. ಮಕ್ಕಳು ಒಂದು ಪೀರಿಯಡ್‌ನಲ್ಲಿ ಮುಗಿಸುತ್ತಾರೆ. ಬ್ಲೇಡನ್ನು ಮಾತ್ರ ಮಾಸ್ತರರೇ ಹಿಡಿಯುವುದು ಕ್ಷೇಮ.